ಉಳಿಸಿದ ಹಣ ಯಾರದು?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಫ್ಲಾಟುಗಳಿರಲಿಲ್ಲ. ಇದ್ದಿದ್ದರೆ, ಹಳೆಯ ಫ್ಲಾಟು ಕೊಂಡು ರಿಪೇರಿ ಮಾಡಿಸಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೇನೋ! ಬೆಂಗಳೂರಿನಂಥ ಊರಿನಲ್ಲಿ ನಿವೇಶನ ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಜನರಿಗಿದೆ? ಇಪ್ಪತ್ತು ಮೂವತ್ತು ವರ್ಷ ಹಳೆಯದಾದ ಎರಡು ಕೋಣೆಯ ಫ್ಲಾಟನ್ನು ಬ್ಯಾಂಕ್ ಸಾಲದಲ್ಲಿ ಕೊಂಡು, ನೋಂದಣಿ ಖರ್ಚು ಮುಗಿಸಿ ಕೈ ನೋಡಿಕೊಂಡರೆ ಉಳಿಯುವುದು ಪುಡಿಗಾಸು. ಆ ಪುಡಿಗಾಸಿನಲ್ಲಿ ಮಂಕಾದ ಮೊಸಾಯಿಕ್ ನೆಲ, ಸೀಳಿದ ಅಡುಗೆಕಟ್ಟೆ, ಪದರ ಪದರವಾಗಿ ಏಳುತ್ತಿರುವ ಬಣ್ಣ, ತೊಟ್ಟಿಕ್ಕುವ ನಲ್ಲಿ ಎಲ್ಲವನ್ನೂ ಸರಿಪಡಿಸಿ, ನೋಡುವವರ ಕಣ್ಣಿಗೆ ಒಪ್ಪುವಂತೆ ಅಲಂಕರಿಸಲೂ ಬೇಕು. ಆಗ ಮನೆಯೊಡತಿ ಒಂದು ನೋಟುಪುಸ್ತಕ ಹಿಡಿದು ಕೂರುತ್ತಾಳೆ. ಬರೆಯುತ್ತಾಳೆ, ಕೂಡುತ್ತಾಳೆ, ಹೊಡೆದುಹಾಕುತ್ತಾಳೆ.

ಆ ಹೊಡೆದುಹಾಕುವ ಗೆರೆಯ ಬಗ್ಗೆಯೇ ಇಂದು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

2018ರಲ್ಲಿ ನಾವೂ ಹೀಗೆಯೇ ಒಂದು ಫ್ಲಾಟು ಕೊಂಡೆವು. ಎರಡನೆಯ ಮಹಡಿ, 850 ಚದರ ಅಡಿ. ರಿಪೇರಿಗೆಂದು ಎತ್ತಿಟ್ಟಿದ್ದು ಮೂರೂವರೆ ಲಕ್ಷ. ಮೇಸ್ತ್ರಿ ಬಂದು, ಮೂಲೆ ಮೂಲೆಗೆ ಕೈಯಿಂದ ಬಡಿದು ನೋಡಿ, ಒಂದು ಪಟ್ಟಿ ಕೊಟ್ಟರು. ಅದರಲ್ಲಿ ಬಚ್ಚಲುಮನೆಯ ನೆಲ ಅಗೆದು ವಾಟರ್‌ಪ್ರೂಫಿಂಗ್ ಮಾಡಲು 18 ಸಾವಿರ ಎಂದಿತ್ತು. ಹೊಸ ಟೈಲ್ಸಿನ ಅಡಿಯಲ್ಲಿ ಹೂತುಹೋಗುವ, ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಅಷ್ಟೊಂದು ಹಣವೇ ಎನಿಸಿತು. ನೆಲ ಅಗೆಯುವುದು ಬೇಡ, ಇದ್ದದ್ದರ ಮೇಲೆಯೇ ಹೊಸ ಟೈಲ್ಸ್ ಅಂಟಿಸಿ ಎಂದೆ. “ಅಮ್ಮಾ, ಇದು ಕಾಣೋ ಕೆಲಸ ಅಲ್ಲ ನಿಜ. ಆದ್ರೆ ಬಿಡಬೇಡಿ” ಎಂದರು ಮೇಸ್ತ್ರಿ. ಕೆಲಸ ಹೆಚ್ಚಿಸಿಕೊಳ್ಳಲು ಹೇಳುತ್ತಿದ್ದಾರೆ ಎಂದುಕೊಂಡೆ. ಆ ಸಾಲಿನ ಮೇಲೆ ಗೆರೆ ಎಳೆದೆ. ಉಳಿದ ಹಣ ಹಜಾರದ ಫಾಲ್ಸ್ ಸೀಲಿಂಗಿಗೂ ಅದರೊಳಗಿನ ಹಳದಿ ದೀಪಗಳಿಗೂ ಹೋಯಿತು. ಬಂದವರೆಲ್ಲ ಹೊಗಳಿದರು. ಅಷ್ಟು ಕಡಿಮೆಯಲ್ಲಿ ಹೇಗೆ ಮಾಡಿಸಿದಿರಿ ಎಂದು ಕೇಳಿದವರಿಗೆ, ಎಲ್ಲೆಲ್ಲಿ ಕೈ ಬಿಗಿ ಹಿಡಿಯಬೇಕೆಂದು ಗೊತ್ತಿರಬೇಕು ಎಂದು ಬೀಗಿದ್ದೂ ಉಂಟು.

ಆ ವರ್ಷದ ಕ್ರಿಸ್ಮಸ್‌ಗೆ ಕುಸ್ವಾರ್ ತಟ್ಟೆ ಹಿಡಿದು ಕೆಳಗಿನ ಮನೆಗೆ ಹೋದೆ. ಅಲ್ಲಿರುವವರು ವಯಸ್ಸಾದ ತಾಯಿಯೊಬ್ಬರು, ಒಬ್ಬರೇ. ಕಾಲುನೋವಿನಿಂದ ಮಲಗಿದ್ದವರು ನನ್ನನ್ನು ಒಳಗಿನ ಕೋಣೆಗೇ ಕರೆದರು. ಬಚ್ಚಲಿಗೆ ತಾಗಿಕೊಂಡಿದ್ದ ಗೋಡೆಯ ಮೇಲೆ, ಸೂರಿಗೆ ಹತ್ತಿರವಾಗಿ, ಎರಡು ಕ್ಯಾಲೆಂಡರುಗಳು ನೇತಾಡುತ್ತಿದ್ದವು. ಅಷ್ಟು ಎತ್ತರದಲ್ಲಿ ಯಾರಾದರೂ ಕ್ಯಾಲೆಂಡರ್ ಹಾಕುತ್ತಾರೆಯೇ? ನಾನು ನೋಡಿದ್ದನ್ನು ಆಕೆ ಗಮನಿಸಿದರು. ಫ್ಯಾನಿನ ಗಾಳಿಗೆ ಹಾಳೆ ಎದ್ದಾಗ ಹಿಂದಿನ ತೇವ, ಕಪ್ಪು ಬೂಷ್ಟು, ಉದುರಿದ ಗಾರೆ ಎಲ್ಲವೂ ಕಂಡವು. “ಹೊಸದಾಗಿ ಬಂದವರು. ಬಂದ ತಕ್ಷಣ ಜಗಳ ಯಾಕೆ ಅಂತ ಸುಮ್ಮನಾದೆ ಕಣಮ್ಮಾ” ಎಂದರು. ಮೂರು ತಿಂಗಳಿಂದ ನೀರು ಜಿನುಗುತ್ತಿತ್ತಂತೆ.

ಕಡಿಮೆ ಖರ್ಚಿನಲ್ಲಿ ಮನೆ ಅಲಂಕರಿಸುವುದು ಎಂದರೆ ಅದೇ ಅಲ್ಲವೇ, ಓದುಗರೇ? ಆಕೆಯೂ ಅಲಂಕರಿಸಿದ್ದರು. ನನ್ನ ತಪ್ಪಿನ ಮೇಲೆ ಎರಡು ಕ್ಯಾಲೆಂಡರ್ ಹಾಕಿ.

ಬಚ್ಚಲನ್ನು ಅಗೆಸಿದೆವು, ಖರ್ಚು ಎರಡರಷ್ಟಾಯಿತು. ಅದು ಹೋಗಲಿ. ನಷ್ಟವಾಯಿತೆಂದು ನಿಮ್ಮನ್ನು ಎಚ್ಚರಿಸಲು ನಾನಿದನ್ನು ಬರೆಯುತ್ತಿಲ್ಲ. ಅಷ್ಟೇ ಆಗಿದ್ದರೆ ಇದು ಜಾಣತನದ ಮಾತಾಗುತ್ತಿತ್ತು, ನೀತಿಯ ಮಾತಲ್ಲ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಒಂದು ವೇಳೆ ನೀರು ಇಳಿಯದೇ ಇದ್ದಿದ್ದರೆ? ಹಳೆಯ ನೆಲ ಇನ್ನೂ ಹತ್ತು ವರ್ಷ ತಡೆದುಕೊಂಡಿದ್ದರೆ ನಾನು ಎಳೆದ ಗೆರೆ ಸರಿಯಾಗಿಬಿಡುತ್ತಿತ್ತೇ? ನಮ್ಮ ಯಜಮಾನರು, ಆಗದೇ ಇದ್ದ ಕೆಡುಕಿಗೆ ಯಾರು ಹೊಣೆ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೇಸ್ತ್ರಿ ಬೇಡವೆಂದ ಮೇಲೂ ನಾನು ಪಣಕ್ಕಿಟ್ಟದ್ದು ನನ್ನ ಗೋಡೆಯನ್ನಲ್ಲ, ಇನ್ನೊಬ್ಬರ ಗೋಡೆಯನ್ನು. ಗೆದ್ದಿದ್ದರೆ ಲಾಭ ನನಗೆ, ಸೋತರೆ ನಷ್ಟ ಆಕೆಗೆ. ಅಂಥ ಆಟವನ್ನು ಆಡಿದ್ದೇ ತಪ್ಪು. ಗೆದ್ದೆನೋ ಸೋತೆನೋ ಎಂಬುದು ಆಮೇಲಿನ ಮಾತು. ಗೆದ್ದಿದ್ದರೆ ನನ್ನ ತಪ್ಪು ನನಗೆ ತಿಳಿಯುತ್ತಲೇ ಇರಲಿಲ್ಲ.

ಫ್ಲಾಟಿನ ಬದುಕೇ ಅಂಥದ್ದು. ಬೀಗದ ಕೈ ನಮ್ಮದಾದರೂ ನನ್ನ ನೆಲ ಕೆಳಗಿನವರ ಸೂರು, ನನ್ನ ಗೋಡೆ ಪಕ್ಕದವರ ಗೋಡೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಒಬ್ಬ ಮಾಲೀಕ ತನ್ನಿಷ್ಟದಂತೆ ಮಾಡಬಾರದೆಂದು ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರಲ್ಲಿಯೇ ಹೇಳಿತು. ಆದರೂ ಹಜಾರ ದೊಡ್ಡದಾಗಲೆಂದು ಗೋಡೆ ಒಡೆಸುವವರು, ಬಾಲ್ಕನಿಯನ್ನು ಅಡುಗೆಮನೆ ಮಾಡಿಕೊಳ್ಳುವವರು ಎಷ್ಟು ಮಂದಿಯಿಲ್ಲ! ಹಳೆಯ ನೆಲದ ಮೇಲೆ ಗಾರೆ ಹಾಕಿ ಹೊಸ ಟೈಲ್ಸ್ ಕೂರಿಸುವುದನ್ನೇ ನೋಡಿ. ಅಗೆಯುವ ಕೂಲಿ ಉಳಿಯುತ್ತದೆ, ನಿಜ. ಆದರೆ ಗಾರೆ ಟೈಲ್ಸ್ ಸೇರಿ ಒಂದಂಗುಲ ಏರಿದರೂ 600 ಚದರ ಅಡಿಗೆ ಸುಮಾರು ಎರಡೂವರೆಯಿಂದ ಮೂರು ಟನ್ ಭಾರ. ಪ್ರತಿ ಮಹಡಿಯವರೂ ಹಾಗೆಯೇ ಮಾಡಿದರೆ ಅದನ್ನು ಹೊರುವುದು ಎಲ್ಲರ ಕಂಬಗಳು.

ಇನ್ನು ಕೆಲಸಗಾರರ ವಿಷಯ. ಇಲ್ಲಿ ನಾವು ನಿಜವಾಗಿಯೂ ಮನಸ್ಸು ಬಿಚ್ಚಿ ಮಾತಾಡಬೇಕು. ಚೌಕಾಸಿ ಮಾಡುವುದು ಪಾಪವೇ? ಅಲ್ಲ. ಅಂಗಡಿಯಲ್ಲಿ ಟೈಲ್ಸಿನ ಬೆಲೆ ಇಳಿಸಿ ಎಂದು ಕೇಳಿ, ಎರಡು ಅಂಗಡಿ ಸುತ್ತಿ, ಹೋದ ವರ್ಷದ ಮಾದರಿಯನ್ನು ಅಗ್ಗಕ್ಕೆ ತನ್ನಿ. ಅಂಗಡಿಯವನು ತನಗೆ ಗಿಟ್ಟದಿದ್ದರೆ ಕೊಡುವುದಿಲ್ಲ. ಆದರೆ ದಿನಗೂಲಿಯವನೊಡನೆ ಮಾಡುವ ಚೌಕಾಸಿ ಬೇರೆ. ಅವನಿಗೆ ಇಲ್ಲ ಎನ್ನುವ ಶಕ್ತಿ ಇರುವುದಿಲ್ಲ. ಕೆಲಸ ಮುಗಿದ ಮೇಲೆ, ಇಲ್ಲಿ ಒಂದು ಹನಿ ಬಣ್ಣ ಬಿದ್ದಿದೆ, ಅಲ್ಲಿ ಮೂಲೆ ಸೊಟ್ಟಗಿದೆ ಎಂದು ಹುಡುಕಿ ಹುಡುಕಿ ಕೊನೆಯ ಎರಡು ಸಾವಿರ ಮುರಿದುಕೊಳ್ಳುವುದಂತೂ ಚೌಕಾಸಿಯೇ ಅಲ್ಲ. ಅದಕ್ಕೆ ಬೇರೆ ಹೆಸರಿದೆ, ನಿಮಗೂ ಗೊತ್ತು. ಕಟ್ಟಡ ಕಾರ್ಮಿಕರಿಗೆಂದು ಮಾಡಿದ 1996ರ ಕಾಯ್ದೆ ಕೂಡ 10 ಲಕ್ಷ ರೂಪಾಯಿ ಮೀರದ ಸ್ವಂತ ಮನೆಯ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ನಮ್ಮಂಥವರ ಸಣ್ಣ ರಿಪೇರಿಯಲ್ಲಿ ಆ ಕೂಲಿಯವನಿಗೆ ನಮ್ಮ ಮನಸ್ಸಾಕ್ಷಿಯ ಹೊರತು ಬೇರೆ ಇನ್ಸ್‌ಪೆಕ್ಟರ್ ಇರಲಿಲ್ಲ ಎಂದಾಯಿತು.

ಇನ್ನೊಂದು ಮಾತು ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಬಚ್ಚಲಿಗೆ ಟೈಲ್ಸ್ ಅಂಟಿಸಿ, ಕಮೋಡು ಕೂರಿಸಿದ ಹುಡುಗ ಮಧ್ಯಾಹ್ನ ಎಲ್ಲಿಗೆ ಹೋಗುತ್ತಿದ್ದ ಎಂದು ನಾನು ಕೇಳಿರಲಿಲ್ಲ. ಕೆಲಸದವರು ಲಿಫ್ಟ್ ಹತ್ತಬಾರದು, ಮನೆಯ ಶೌಚಾಲಯ ಮುಟ್ಟಬಾರದು ಎಂಬ ಅಲಿಖಿತ ಕಾನೂನು ಎಷ್ಟೋ ಕಟ್ಟಡಗಳಲ್ಲಿದೆ. ತಾನೇ ಕಟ್ಟಿದ್ದನ್ನು ತಾನು ಬಳಸುವಂತಿಲ್ಲ! ಆತ ರಸ್ತೆಯಾಚೆಯ ಖಾಲಿ ನಿವೇಶನಕ್ಕೆ ಹೋಗುತ್ತಿದ್ದನೆಂದು ಆಮೇಲೆ ತಿಳಿಯಿತು.

ಟೈಲ್ಸ್ ಕತ್ತರಿಸುವಾಗ ನೀರು ಹಾಕಿದರೆ ಕೆಸರಾಗುತ್ತದೆ, ಬಾಲ್ಕನಿ ತೊಳೆಯಬೇಕಾಗುತ್ತದೆ. ಅದಕ್ಕೇ ಒಣಗಿದ್ದನ್ನೇ ಕತ್ತರಿಸು ಎನ್ನುತ್ತೇವೆ. ಏಳುವ ಬಿಳಿ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದ ಒಳಕ್ಕಿಳಿದು ಕೂರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಕಾಯಿಲೆಗೆ ವಾಸಿಯಾಗುವ ಮದ್ದಿಲ್ಲ. ಅಡುಗೆಕಟ್ಟೆಗೆ ಈಗ ಫ್ಯಾಷನ್ನಾಗಿರುವ, ಕ್ವಾರ್ಟ್ಜ್ ಎಂದು ಕರೆಯುವ ತಯಾರಿಸಿದ ಕಲ್ಲಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಸಿಲಿಕಾ ಇರುವುದುಂಟು. ಅದನ್ನು ಕೊರೆದ ಯುವಕರು ಕಾಯಿಲೆ ಬಿದ್ದರೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು. ಒಂದು ಬಕೆಟ್ ನೀರು ಮತ್ತು ನಮ್ಮ ಅರ್ಧ ಗಂಟೆಯ ತೊಳೆಯುವ ಕೆಲಸವನ್ನು ಉಳಿಸಲು ಇನ್ನೊಬ್ಬನ ಉಸಿರನ್ನು ಖರ್ಚು ಮಾಡುತ್ತೇವೆ. ಹಳೆಯ ಬಣ್ಣವನ್ನು ಮರಳುಕಾಗದ ಹಾಕಿ ಉಜ್ಜುವುದೂ ಹೀಗೆಯೇ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು ಮರುವರ್ಷ. ಅದಕ್ಕೂ ಹಿಂದೆ ಬಾಗಿಲು ಕಿಟಕಿಗಳಿಗೆ ಬಳಿದದ್ದರಲ್ಲಿ ಏನಿದೆಯೋ! ಒದ್ದೆ ಮಾಡಿ ಉಜ್ಜಿಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ.

ಇಷ್ಟೆಲ್ಲ ಓದಿ ನೀವು ಕೇಳಬಹುದು: “ಇದೆಲ್ಲ ಉಳ್ಳವರಿಗೆ ಸರಿ. ನಾವೇ ಕಂತು ಕಟ್ಟಲು ಒದ್ದಾಡುತ್ತಿದ್ದೇವೆ. ಕೆಳಗಿನವರು, ಮೇಸ್ತ್ರಿ, ಬಣ್ಣದವನು ಎಲ್ಲರ ಭಾರವನ್ನೂ ನಾವೇ ಹೊರಬೇಕೇ?” ನ್ಯಾಯವಾದ ಪ್ರಶ್ನೆ. ಬಡವನಾಗಿರುವುದು ತಪ್ಪಲ್ಲ, ಲೆಕ್ಕ ಹಾಕುವುದೂ ತಪ್ಪಲ್ಲ. ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ನಮ್ಮೆಲ್ಲರಿಗೂ ಗೊತ್ತಿರುವ ಒಂದು ರಿಪೇರಿಯ ಕಥೆ.

1206ರ ಸುಮಾರಿಗೆ ಇಟಲಿಯ ಅಸ್ಸಿಸಿ ಊರಿನ ಹೊರಗಿದ್ದ ಸಾನ್ ದಾಮಿಯಾನೊ ಎಂಬ ಪಾಳುಬಿದ್ದ ಚಿಕ್ಕ ದೇವಾಲಯವನ್ನು ದುರಸ್ತಿ ಮಾಡಲು ಯುವಕ ಫ್ರಾನ್ಸಿಸ್ ಹೊರಟರು. ಉದ್ದೇಶ ಎಷ್ಟು ಒಳ್ಳೆಯದು! ಆದರೆ ಹಣ? ಬಟ್ಟೆ ವ್ಯಾಪಾರಿಯಾಗಿದ್ದ ತಂದೆಯ ಅಂಗಡಿಯಿಂದ ಬಟ್ಟೆಯ ಥಾನುಗಳನ್ನು ಕುದುರೆಯ ಮೇಲೆ ಹೇರಿಕೊಂಡು ಫೊಲಿನ್ಯೊ ಪೇಟೆಗೆ ಹೋಗಿ, ಬಟ್ಟೆಯನ್ನೂ ಕುದುರೆಯನ್ನೂ ಮಾರಿ, ಆ ಹಣ ತಂದು ದೇವಾಲಯದ ಗುರುಗಳ ಮುಂದಿಟ್ಟರು. ಗುರುಗಳು ಮುಟ್ಟಲಿಲ್ಲ. ಫ್ರಾನ್ಸಿಸರು ಅದನ್ನು ಕಿಟಕಿಯ ಮೇಲೆ ಎಸೆದರು. ಕೊನೆಗೆ ಧರ್ಮಾಧ್ಯಕ್ಷರ ಎದುರು ಆ ಹಣವನ್ನೂ ಮೈಮೇಲಿನ ಉಡುಪನ್ನೂ ತಂದೆಗೆ ಹಿಂದಿರುಗಿಸಬೇಕಾಯಿತು. ಈ ಕಥೆಯಲ್ಲಿ ನಾವೆಲ್ಲ ಉಡುಪು ಕಳಚಿದ ದೃಶ್ಯವನ್ನೇ ನೆನಪಿಟ್ಟುಕೊಳ್ಳುತ್ತೇವೆ. ನನಗೆ ಈಚೆಗೆ ಮುಖ್ಯವೆನಿಸುವುದು ಅದರ ನಂತರದ್ದು. ದೇವಾಲಯದ ಕೆಲಸವನ್ನು ಅವರು ಬಿಡಲಿಲ್ಲ. ಊರಿನ ಬೀದಿಗಳಲ್ಲಿ ಕಲ್ಲು ಬೇಡಿ, ತಮ್ಮ ಹೆಗಲ ಮೇಲೆಯೇ ಹೊತ್ತು ತಂದು, ತಾವೇ ಗೋಡೆ ಎತ್ತಿದರು. ಕೈಯಲ್ಲಿ ಕಾಸಿಲ್ಲದ ರಿಪೇರಿ ಎರಡೂ ಬಾರಿ. ಮೊದಲನೆಯ ಬಾರಿ ಅದರ ಖರ್ಚು ತಂದೆಯ ಅಂಗಡಿಯದು, ಎರಡನೆಯ ಬಾರಿ ಕೇಳಿದಾಗ ಮನಸಾರೆ ಕೊಟ್ಟವರದು ಮತ್ತು ಅವರದೇ ಬೆನ್ನಿನದು.

ಹಾಗಾದರೆ ನಮ್ಮ ಬೆನ್ನಿನಿಂದ ಉಳಿಸಬಹುದಾದದ್ದು ಏನಿದೆ? ಬೇಕಾದಷ್ಟಿದೆ. ಮೊಸಾಯಿಕ್ ನೆಲವನ್ನು ಮುಚ್ಚಬೇಡಿ, ಪಾಲಿಷ್ ಮಾಡಿಸಿ. ಹೊಸ ನೆಲದ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ. ಹಳೆಯ ತೇಗದ ಬಾಗಿಲುಗಳನ್ನು ಉಜ್ಜಿ ವಾರ್ನಿಷ್ ಕೊಡಿಸಿ, ಇಂದು ಅಂಥ ಮರ ಸಿಗುವುದಿಲ್ಲ. ಹಳೆಯ ರೇಷ್ಮೆ ಸೀರೆಯಿಂದ ಪರದೆ ಹೊಲಿಯಬಹುದು (ಅತ್ತೆಯವರನ್ನು ಕೇಳಿಯೇ!). ಉಕ್ಕಿನ ಬೀರುವಿಗೆ ಬಣ್ಣ ಹೊಡೆಯುವ ಕೆಲಸ ರಜೆಯಲ್ಲಿರುವ ಮಕ್ಕಳಿಗೆ ಹಬ್ಬ. ಫಾಲ್ಸ್ ಸೀಲಿಂಗ್ ಇಲ್ಲದೆ ಯಾವ ಅತಿಥಿಯೂ ಊಟ ಬಿಟ್ಟು ಎದ್ದುಹೋಗಿಲ್ಲ. ಆ ಹಣದಲ್ಲಿ ಸ್ವಲ್ಪ ತೆಗೆದು, ವಯಸ್ಸಾದವರಿದ್ದರೆ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿರಿ. ಈ ವರ್ಷ ಬಚ್ಚಲು, ಮುಂದಿನ ವರ್ಷ ಅಡುಗೆಮನೆ, ಹಜಾರ ಯಾವಾಗಲಾದರೂ. ಅರ್ಧ ಮುಗಿದ ಮನೆಯಲ್ಲಿ ನೆಂಟರನ್ನು ಕೂರಿಸಿ ಕಾಫಿ ಕೊಡುವುದಕ್ಕೆ ಸ್ವಲ್ಪ ಮುಜುಗರವಾಗುತ್ತದೆ. ಆ ಮುಜುಗರವೇ ನಾವು ತೆರುವ ಬೆಲೆ. ಅದನ್ನು ಬೇರೆ ಯಾರೂ ತೆರಬೇಕಾಗಿಲ್ಲ.

ನಮ್ಮ ಬಚ್ಚಲಿನ ಕೆಲಸ ಎರಡನೆಯ ಬಾರಿ ನಡೆದಾಗ ಅದೇ ಮೇಸ್ತ್ರಿ ಬಂದರು. ಹಿಂದಿನ ಮಾತನ್ನು ಎತ್ತಲಿಲ್ಲ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ಬಾಯಿಗಳನ್ನು ಮುಚ್ಚಿ ನೆಲದ ತುಂಬ ನೀರು ನಿಲ್ಲಿಸಿದರು. ಎರಡು ದಿನ ಹಾಗೇ ಇರಬೇಕು, ಕೆಳಗೆ ಹೋಗಿ ನೋಡುತ್ತಿರಿ ಎಂದರು. ನೀವೂ ಇದನ್ನು ಮಾಡಿಸದೆ ಟೈಲ್ಸ್ ಮುಟ್ಟಗೊಡಬೇಡಿ. ಆ ಎರಡು ದಿನ ನಾನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕೆಳಗಿಳಿದು ಆ ತಾಯಿಯ ಮಂಚದ ಪಕ್ಕ ಕುಳಿತೆ. ಕ್ಯಾಲೆಂಡರ್ ತೆಗೆದಿಟ್ಟಿದ್ದ ಗೋಡೆಯನ್ನು ಇಬ್ಬರೂ ನೋಡುತ್ತಿದ್ದೆವು. ಹೇಳಿಕೊಳ್ಳುವಂಥದ್ದೇನೂ ಮಾತಾಡಲಿಲ್ಲ. ಎರಡನೆಯ ದಿನ ಸಂಜೆ ಆಕೆ ಕೈ ನೀಡಿ ಗೋಡೆ ಸವರಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹುಡುಗನಿಗೆ ಕಾಫಿ ಕೊಟ್ಟೆಯಾ ಎಂದು ಕೇಳಿದರು.