ಒಡೆತನವೂ ನೆರೆತನವೂ

ರಾಜಾಜಿನಗರದಲ್ಲಿ ಮೂವತ್ತು ವರ್ಷ ಸಂಸಾರ ನಡೆಸಿದ ಗೃಹಸ್ಥನೊಬ್ಬನು, ಪಂದ್ಯದ ಓಟದಿಂದ ಬಿಡುಗಡೆ ಹೊಂದಿದ ಕುದುರೆಯೊಂದನ್ನು ಸಾಕಬೇಕೆಂದೂ, ಅದಕ್ಕಾಗಿ ಮಲೆನಾಡಿನ ಗುಡ್ಡದ ಹಳ್ಳಿಯೊಂದರಲ್ಲಿ ನಾಲ್ಕೆಕರೆ ಭೂಮಿಯನ್ನು ಕೊಳ್ಳಬೇಕೆಂದೂ ಬಯಸುವನೆಂದು ಇಟ್ಟುಕೊಳ್ಳಬಹುದು. ಬಯಕೆಯು ನಿಂದ್ಯವಾದುದಲ್ಲ. ಓಡುವಷ್ಟು ದಿನ ಓಡಿಸಿ, ಆಮೇಲೆ ಕೈಬಿಡುವ ಲೋಕದಲ್ಲಿ ಮೂಕಪ್ರಾಣಿಯೊಂದಕ್ಕೆ ಆಶ್ರಯ ಕೊಡುವುದು ಪುಣ್ಯಕಾರ್ಯವೇ ಸರಿ. ಆದರೆ ಊರನ್ನು ಆರಿಸುವಾಗ ಹಣವುಳ್ಳವನ ಇಚ್ಛೆಯೊಂದೇ ಸಾಕೆ? ಆ ಕುದುರೆಗೂ ಆ ಊರಿಗೂ ಈ ವಿಷಯದಲ್ಲಿ ಒಂದು ಮಾತಿಲ್ಲವೆ?

ಕಾನೂನಿನ ಅಡ್ಡಿಯು ಈಗ ಬಹುಮಟ್ಟಿಗೆ ಹೋಗಿದೆ. ವ್ಯವಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆಯುತ್ತಿದ್ದ, 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಪ್ರಕರಣಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಆದರೆ ಕಾನೂನು ಬಾಗಿಲನ್ನು ತೆರೆದ ಮಾತ್ರಕ್ಕೆ ವಿಚಾರವು ಮುಗಿಯಲಿಲ್ಲ. ಒಳಗೆ ಕಾಲಿಟ್ಟವನು ಹೇಗೆ ನಡೆಯಬೇಕೆಂಬ ಪ್ರಶ್ನೆಯು ಅಲ್ಲಿಂದಲೇ ಮೊದಲಾಗುವುದು.

ಮೊದಲು ಕುದುರೆಯ ಪಕ್ಷವನ್ನು ನೋಡಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರು ಮಳೆಯಾದರೆ ಆಗುಂಬೆಯಲ್ಲಿ 7000ಕ್ಕೂ ಮೀರುವುದು. ತಿಂಗಳುಗಟ್ಟಲೆ ಕೆಸರಿನಲ್ಲಿ ನಿಂತ ಗೊರಸು ಮೆತ್ತಗಾಗಿ ಕೊಳೆಯುವುದು; ಜಿಗಣೆಯೂ ಕಚ್ಚುವ ನೊಣವೂ ಅದರ ನೆಮ್ಮದಿಯನ್ನು ಕೆಡಿಸುವುವು. ಲಾಳ ಕಟ್ಟುವವನೂ ಕುದುರೆಯ ರೋಗವನ್ನು ಬಲ್ಲ ವೈದ್ಯನೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರುವುದು ವಿರಳ. ಹೊಟ್ಟೆಶೂಲೆ ಬಂದ ಕುದುರೆಗೆ ಮರುದಿನದ ಬಸ್ಸನ್ನು ಕಾಯುವಷ್ಟು ಅವಕಾಶವಿಲ್ಲ. ಟಿಪ್ಪುವಿನ ಕಾಲಕ್ಕೆ ತನ್ನ ಮೂಲವನ್ನು ಹೇಳಿಕೊಳ್ಳುವ ಕುಣಿಗಲಿನ ಅಶ್ವಶಾಲೆಯು ಘಟ್ಟದ ನೆತ್ತಿಯ ಮೇಲಿಲ್ಲ, ಬಯಲುಸೀಮೆಯಲ್ಲಿದೆ ಎಂಬುದನ್ನು ಗಮನಿಸಬೇಕು. ದಂಡಿಗಾಗಿ ಕುದುರೆಯನ್ನು ಬೆಳೆಸಿದವರು ಮಂಜಿನ ಚೆಲುವನ್ನು ನೋಡಿ ನೆಲವನ್ನು ಆರಿಸಿರಲಾರರು. ಹಾಗಾದರೆ ಬೆಟ್ಟವು ಬೇಕಾಗಿರುವುದು ಕುದುರೆಗೋ, ಒಡೆಯನ ಕಣ್ಣಿಗೋ? ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಹೇಳಿಕೊಳ್ಳುವುದು ಸುಲಭವಲ್ಲ.

ಇನ್ನು ಊರಿನ ಪಕ್ಷ. ದೊಡ್ಡ ಕುದುರೆಯೊಂದು ದಿನಕ್ಕೆ 25ರಿಂದ 45 ಲೀಟರು ನೀರನ್ನು ಕುಡಿಯುವುದು. ಎಂಟು ಹತ್ತು ಕಿಲೋ ಒಣಮೇವನ್ನು ತಿನ್ನುವುದು. ಮಲೆನಾಡಿನಲ್ಲಿ ಮಳೆ ಹೆಚ್ಚಾದರೂ ಬೇಸಗೆಯಲ್ಲಿ ಗುಡ್ಡದ ಒರತೆಯು ಬೆರಳುಗಾತ್ರವಾಗುವುದು. ಅಲ್ಲಿಯ ನೆಲವು ಪತ್ರದಲ್ಲಿ ಬರೆದ ಎಲ್ಲೆಗಳಿಗೆ ಮುಗಿಯುವುದೂ ಇಲ್ಲ. ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆಯುಂಟು, ಬೇರೆಡೆ ಸೊಪ್ಪಿನ ಬೆಟ್ಟವೂ ಗೋಮಾಳವೂ ಉಂಟು. ಸೊಪ್ಪು, ಸೌದೆ, ಮೇವುಗಳಿಗೆ ಹಳ್ಳಿಯು ಇವುಗಳನ್ನೇ ನಂಬಿದೆ. ಹೊಸಬನು ತನ್ನ ನಾಲ್ಕೆಕರೆಗೆ ತಂತಿಬೇಲಿ ಹಾಕಿದಾಗ, ತಲೆಮಾರುಗಳಿಂದ ದನ ನಡೆದ ದಾರಿಯು ಒಂದೇ ದಿನದಲ್ಲಿ ಮುಚ್ಚಿಹೋಗಬಹುದು.

"ನ್ಯಾಯವಾದ ಬೆಲೆಯನ್ನು ಕೊಟ್ಟಿದ್ದೇನೆ, ನನ್ನಿಂದ ನಾಲ್ವರಿಗೆ ಕೂಲಿಯೂ ದೊರೆಯುವುದು, ಇನ್ನೇನು ಬೇಕು?" ಎಂದು ಗೃಹಸ್ಥನು ಕೇಳಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಸಾಲಕ್ಕೋ ನೆಲವನ್ನು ಮಾರುವವನಿಗೆ ಕೊಳ್ಳುವವನ ಹಣವು ದೊಡ್ಡ ಆಸರೆ. ಆದರೆ ಬೆಲೆಯು ಸಲ್ಲುವುದು ಮಾರಿದವನೊಬ್ಬನಿಗೆ; ನೀರು ಕಡಮೆಯಾಗುವುದೂ ದಾರಿ ಮುಚ್ಚುವುದೂ ಮಾರದೆ ಉಳಿದವರಿಗೆ. ಅವರಿಗೆ ಸಲ್ಲಬೇಕಾದುದು ಯಾವ ಕ್ರಯಪತ್ರದಲ್ಲಿಯೂ ಬರೆದಿರುವುದಿಲ್ಲ. ಒಡೆತನವು ಕ್ರಯದಿಂದ ಬರುವುದು. ನೆರೆತನವು ನಡತೆಯಿಂದಲ್ಲದೆ ಬಾರದು.

ರಾಜಾಜಿನಗರದವನಿಗೆ ಇದು ಅರ್ಥವಾಗದ ಮಾತೇನೂ ಅಲ್ಲ. 1949ರ ಸುಮಾರಿನಲ್ಲಿ ಆ ಬಡಾವಣೆ ಏಳತೊಡಗಿದಾಗ ಕೇತಮಾರನಹಳ್ಳಿಯಂತಹ ಊರುಗಳು ಅದರ ಬೀದಿಗಳೊಳಗೆ ಸೇರಿಹೋದುವು. ಹಳ್ಳಿಯ ಹೆಸರು ಉಳಿಯಿತು, ಹೊಲ ಉಳಿಯಲಿಲ್ಲ. ಹಳ್ಳಿಯೊಂದನ್ನು ನುಂಗಿದ ನೆಲದ ಮೇಲೆ ಮನೆ ಕಟ್ಟಿ ಬಾಳಿದವನು ಎರಡನೆಯ ಹಳ್ಳಿಯ ಬಾಗಿಲಲ್ಲಿ ನಿಂತಾಗ ಸ್ವಲ್ಪ ತಗ್ಗಿ ನಿಲ್ಲುವುದು ಯುಕ್ತ.

ಹಾಗಾದರೆ ಮಾಡತಕ್ಕದ್ದೇನು? ಕೊಳ್ಳುವುದಕ್ಕೆ ಮುಂಚೆ ಒಂದು ಮಳೆಗಾಲವನ್ನೂ ಒಂದು ಬೇಸಗೆಯನ್ನೂ ಆ ಊರಿನಲ್ಲಿ ಬಾಡಿಗೆಗೆ ಇದ್ದು ಕಳೆಯಬೇಕು. ಪಹಣಿಯನ್ನು ನೋಡುವಂತೆಯೇ ದನದ ದಾರಿಯನ್ನೂ ನೀರಿನ ಪಾಳಿಯನ್ನೂ ಹಿರಿಯರಿಂದ ಕೇಳಿ ತಿಳಿಯಬೇಕು. ಕುದುರೆಗೆ ಒಗ್ಗದೆಂದು ತೋರಿದರೆ ಬೆಟ್ಟದ ಆಸೆಯನ್ನು ಬಿಟ್ಟು ಬಯಲಿಗೆ ಇಳಿಯುವ ಧೈರ್ಯವೂ ಬೇಕು. ಕುದುರೆಯು ಇಪ್ಪತ್ತೈದು ವರ್ಷಗಳಿಗೂ ಮೀರಿ ಬದುಕಬಲ್ಲುದು. ಒಡೆಯನ ಉತ್ಸಾಹಕ್ಕೆ ಅಷ್ಟು ಆಯುಸ್ಸಿದೆಯೆ, ತನ್ನ ತರುವಾಯ ಅದಕ್ಕೆ ಹುಲ್ಲು ಹಾಕುವವರಾರು ಎಂಬುದನ್ನೂ ಮೊದಲೇ ನಿಶ್ಚಯಿಸಬೇಕು.

ಪಾಂಡುಪುತ್ರನಾದ ನಕುಲನು ವಿರಾಟನ ನಗರದಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಕುದುರೆಗಳನ್ನು ಸಾಕಿಕೊಂಡಿದ್ದನು. ಪರರ ಊರಿನಲ್ಲಿ ರಾಜಪುತ್ರನೂ ಕಾಸದಾರನಾಗಿಯೇ ಬಾಳಿದನು. ಬೆಟ್ಟದ ಹಳ್ಳಿಗೆ ಹೊರಟ ಗೃಹಸ್ಥನು ಆ ವಿನಯದಲ್ಲಿ ಕಾಲುಪಾಲನ್ನು ಒಯ್ದರೂ ಕುದುರೆಗೆ ಮೇವು ದೊರೆತೀತು, ಅವನಿಗೆ ನೆರೆಯವರು ದೊರೆತಾರು.