ಚಿಕ್ಕ ಶಾಲೆಯೂ ದಾಸೋಹ ತತ್ತ್ವವೂ

ಫಾಲ್ಗುಣ ಕಳೆದು ಚೈತ್ರವು ಕಾಲಿಡುವ ವೇಳೆಗೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಎರಡು ಲೆಕ್ಕಗಳು ನಡೆಯುತ್ತವೆ. ಸುಗ್ಗಿ ಮುಗಿಸಿದ ರೈತನು ಕಾಳನ್ನು ಅಳೆದು ಬೀಜಕ್ಕೆಷ್ಟು, ಮನೆಗೆಷ್ಟು, ಮಾರಾಟಕ್ಕೆಷ್ಟು, ದಾಸೋಹಕ್ಕೆಷ್ಟು ಎಂದು ಹಾಕುವ ಲೆಕ್ಕವು ಒಂದು. ಮುಂದಿನ ವರ್ಷ ಮಗುವನ್ನು ಎಲ್ಲಿ ಓದಿಸಬೇಕೆಂದು ತಂದೆತಾಯಿಗಳು ಹಾಕುವ ಲೆಕ್ಕವು ಇನ್ನೊಂದು. ಮೊದಲನೆಯದರಲ್ಲಿ ಧರ್ಮಕ್ಕೆ ಪಾಲುಂಟೆಂಬುದನ್ನು ಭಕ್ತರೆಲ್ಲರೂ ಬಲ್ಲರು. ಎರಡನೆಯದರಲ್ಲಿಯೂ ಧರ್ಮದ ಪ್ರಶ್ನೆಯಿದೆಯೆ ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಈ ಋತುವಿನಲ್ಲಿ ಹಳ್ಳಿಯ ಚಿಕ್ಕ ಸರಕಾರಿ ಶಾಲೆಯೊಂದನ್ನು ಹೊಕ್ಕು ನೋಡಿದರೆ ಕಾಣುವುದೇನು? ಇಪ್ಪತ್ತು ಇಪ್ಪತ್ತೈದು ಮಕ್ಕಳು, ಇಬ್ಬರು ಉಪಾಧ್ಯಾಯರು, ಅಂಗಳದಲ್ಲಿ ಒಂದು ಹೊಂಗೆ, ಒಂದು ಬೇವು. ಹೊಂಗೆಯು ಎಳೆಯ ತಳಿರಿನಿಂದ ಹೊಳೆಯುತ್ತದೆ, ಬೇವು ಹೂವಾಗಿದೆ. ಮಕ್ಕಳು ಉದುರಿದ ಎಲೆಗಳನ್ನು ಆಯ್ದು ಅವುಗಳ ಆಕಾರವನ್ನು ನೋಡಿ ಬೇರೆಬೇರೆಯಾಗಿ ಜೋಡಿಸುತ್ತಾರೆ. ಮನೆಯಲ್ಲಿ ಹುಣಿಸೆಹಣ್ಣು ಬಿಡಿಸಿದಾಗ ಉಳಿದ ಬೀಜಗಳನ್ನು ತಂದು ಹತ್ತುಹತ್ತರ ಗುಂಪು ಮಾಡಿ ಎಣಿಸುತ್ತಾರೆ. ಗೋಡೆಯ ಹವಾಮಾನ ನಕ್ಷೆಯಲ್ಲಿ ದಿನವೂ ಸೂರ್ಯನನ್ನೇ ಗುರುತಿಸುತ್ತಾರೆ. ಕೊಂಬೆಗೆ ತೂಗಿಬಿಟ್ಟ ಕರಟಗಳಲ್ಲಿ ಹಕ್ಕಿಗಳಿಗೆ ನೀರು ತುಂಬುವುದು ಅಂದು ಯಾರ ಸರದಿಯೆಂಬುದನ್ನು ಹಲಗೆಯ ಮೇಲೆ ಬರೆದಿರುತ್ತದೆ. ಯುಗಾದಿಯು ಹತ್ತಿರ ಬಂದಾಗ ಅಂಗಳದ ಬೇವಿನ ಹೂವೇ ಪಾಠವಾಗುತ್ತದೆ.

ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಅಲ್ಲಿ ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಇದು ಬಡತನದ ಕುರುಹೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದು ಆರಂಭಿಸಿದ ನಲಿಕಲಿ ಪದ್ಧತಿಯು ಈ ಕೊರತೆಯನ್ನೇ ಬಲವನ್ನಾಗಿ ಮಾಡಿಕೊಂಡಿತು. 2009ರ ಸುಮಾರಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಇದರಲ್ಲಿ ಮಕ್ಕಳು ಐದು ಗುಂಪುಗಳಾಗಿ ಕುಳಿತುಕೊಳ್ಳುವರು. ಈ ಗುಂಪುಗಳಿಗೆ ತಟ್ಟೆಗಳೆಂದೇ ಹೆಸರು. ಮೊದಲನೆಯ ತಟ್ಟೆಗೆ ಗುರುವಿನ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ ನೆರವು. ಮೂರು ಮತ್ತು ನಾಲ್ಕನೆಯವುಗಳಲ್ಲಿ ಸಹಪಾಠಿಗಳ ನೆರವು. ಐದನೆಯದರಲ್ಲಿ ಮಗು ತಾನೇ ಕಲಿಯತಕ್ಕದ್ದು. ಓದು ಬಂದ ಹುಡುಗಿಯು ಬಾರದ ಹುಡುಗನ ಪಕ್ಕದಲ್ಲಿ ಕುಳಿತು ಅಕ್ಷರದ ಮೇಲೆ ಬೆರಳಿಡುತ್ತಾಳೆ. ಹೇಳಿಕೊಡುತ್ತಿರುವಾಗಲೇ, ಅವಳು ಅರ್ಧ ತಿಳಿದಿದ್ದುದು ಅವಳಿಗೆ ಪೂರ್ತಿಯಾಗಿ ತಿಳಿಯುತ್ತದೆ. ಇಲ್ಲಿ ಕೊಟ್ಟವರು ಯಾರು? ಪಡೆದವರು ಯಾರು?

ಈ ಪ್ರಶ್ನೆಯಲ್ಲಿಯೇ ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಅಡಗಿದೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು. ಕಾಯಕದಿಂದ ಬಂದುದು ತನ್ನೊಬ್ಬನದಲ್ಲವೆಂದು ತಿಳಿದು ಅದನ್ನು ಸಮಾಜಕ್ಕೆ ಸಲ್ಲಿಸುವವನಿಗೆ, ಸ್ವೀಕರಿಸಿದವನೇ ಉಪಕಾರಿಯಾಗಿ ತೋರುತ್ತಾನೆ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದು ಆಸೆಯ ಗುರುತೆಂದು ಕಂಡ ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಿರುಗಿಸಿದಳೆಂಬ ಕಥೆಯನ್ನು ಕೇಳದ ಭಕ್ತರಿಲ್ಲ. ದಾಸೋಹವನ್ನು ಅಳೆಯುವುದು ರಾಶಿಯಿಂದಲ್ಲ, ಸಲ್ಲಿಸುವವನ ಭಾವದಿಂದ ಎಂಬುದೇ ಅದರ ತಾತ್ಪರ್ಯ.

ಶರಣರ ಈ ಮಾತನ್ನೇ ರಾಜ್ಯ ಸರಕಾರವು ಶಾಲೆಯ ಮಧ್ಯಾಹ್ನದ ಬಿಸಿಯೂಟಕ್ಕೆ ಇಟ್ಟಿತು. ಅಕ್ಷರ ದಾಸೋಹವು 2002ರಲ್ಲಿ ಮೊದಲು ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಆರಂಭವಾಗಿ ಅನಂತರ ಉಳಿದೆಡೆಗೂ ಬಂದಿತು. 2013ರ ಆಹಾರ ಭದ್ರತಾ ಕಾಯಿದೆಯು ಈ ಊಟವನ್ನು ಮಕ್ಕಳ ಹಕ್ಕೆಂದು ಹೇಳಿದೆ. ಹೀಗಿರಲು ಯಾವ ಮಗುವೂ ಅಲ್ಲಿ ಭಿಕ್ಷೆಗೆ ಕುಳಿತಿರುವುದಿಲ್ಲ. ಊರಿನ ಹೆಣ್ಣುಮಗಳೊಬ್ಬಳು ಬೇಯಿಸಿದ ಅನ್ನವನ್ನು ಎಲ್ಲ ಮನೆಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಅಡುಗೆ ಮಾಡುವಾಕೆಯ ಕುಲವನ್ನು ಕೇಳಿ ತಮ್ಮ ಮಕ್ಕಳು ಆ ಊಟವನ್ನು ಉಣ್ಣದಂತೆ ಹಿರಿಯರು ತಡೆದ ಪ್ರಸಂಗಗಳು ಈ ನಾಡಿನಲ್ಲಿಯೂ ನಡೆದಿವೆ. ಶರಣರ ಹೆಸರು ಹೇಳುವವರು ಇದನ್ನು ಕೇಳಿ ತಲೆತಗ್ಗಿಸಬೇಕಾಗುತ್ತದೆ. ಮಕ್ಕಳಾದರೋ ಕುಲವನ್ನು ಕೇಳಲಿಲ್ಲ. ಅವರಿಗೆ ಅದನ್ನು ಹೇಳಿಕೊಟ್ಟವರು ಹಿರಿಯರು.

ಇನ್ನು ಗೃಹಸ್ಥನ ಎರಡನೆಯ ಲೆಕ್ಕಕ್ಕೆ ಬರಬಹುದು. ಉದಾರಿಯೂ ಭಕ್ತನೂ ಆದ ಒಬ್ಬ ಗೃಹಸ್ಥನು ತನ್ನ ಊರಿನ ಶಾಲೆಗೆ ಊಟದ ತಟ್ಟೆಗಳನ್ನು ಕೊಡಿಸಿದನೆಂದು ಭಾವಿಸೋಣ. ಪ್ರತಿಯೊಂದರ ಅಂಚಿನಲ್ಲಿಯೂ ಅವನ ಹೆಸರು ಕೊರೆದಿದೆ. ಅವನ ಸ್ವಂತ ಮಗನಾದರೋ ದಿನ ಬೆಳಗಾದರೆ ವ್ಯಾನು ಏರಿ ದೂರದ ಪಟ್ಟಣದ ಶಾಲೆಗೆ ಹೋಗುತ್ತಾನೆ. ತಟ್ಟೆಗಳು ಬೇಕಾಗಿದ್ದುವು, ಮಕ್ಕಳು ಅವುಗಳಲ್ಲಿ ಉಣ್ಣುತ್ತಿದ್ದಾರೆ, ಆದುದರಿಂದ ಆ ಕೊಡುಗೆಯನ್ನು ಹಗುರವಾಗಿ ಕಾಣಕೂಡದು. ಆದರೂ ಅದು ದಾನವೋ ದಾಸೋಹವೋ ಎಂಬ ಸಂಶಯವು ಉಳಿಯುತ್ತದೆ. ಆ ಪಂಕ್ತಿಯು ತನ್ನ ಮಗನಿಗೆ ತಕ್ಕುದಲ್ಲವೆಂದು ಎಣಿಸಿ ಅನ್ಯರ ಮಕ್ಕಳಿಗೆ ತಟ್ಟೆ ಕೊಡಿಸಿದ್ದಾದರೆ, ಅವನ ಕೈ ಮೇಲೆಯೇ ಉಳಿಯಿತಲ್ಲವೆ?

ಇದಕ್ಕೆ ಆ ಗೃಹಸ್ಥನ ಕಡೆಯಿಂದಲೂ ಉತ್ತರವುಂಟು. ಶಾಲೆಯಲ್ಲಿ ಇರುವವರು ಇಬ್ಬರೇ ಉಪಾಧ್ಯಾಯರು. ಒಬ್ಬರು ತರಬೇತಿಗೋ ಗಣತಿಗೋ ಹೋದರೆ ಉಳಿಯುವವರು ಒಬ್ಬರೇ. ಇಂಗ್ಲಿಷು ಬಾರದೆ ಮಗನು ಮುಂದೆ ಹಿಂದುಳಿದಾನೆಂಬ ಭಯವುಂಟು. ತನ್ನ ತತ್ತ್ವಕ್ಕಾಗಿ ಮಗುವಿನ ಭವಿಷ್ಯವನ್ನು ಪಣಕ್ಕಿಡಲು ತಂದೆಗೆ ಅಧಿಕಾರವೇನು? ಈ ಮಾತಿನಲ್ಲಿ ಸತ್ಯವಿದೆ. ಇದನ್ನು ಸ್ವಾರ್ಥವೆಂದು ಜರೆಯುವುದು ಸುಲಭವಾದರೂ ನ್ಯಾಯವಲ್ಲ.

ಆದರೆ ಈ ಭಯವು ತನ್ನನ್ನು ತಾನೇ ಬೆಳೆಸಿಕೊಳ್ಳುವ ಬಗೆಯನ್ನೂ ನೋಡತಕ್ಕದ್ದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಅರುವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರನ್ನು ಗೊತ್ತುಪಡಿಸಿದೆ. ಮಕ್ಕಳು ಹೆಚ್ಚಿದರೆ ಉಪಾಧ್ಯಾಯರೂ ಹೆಚ್ಚಬೇಕು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿಗಳೇ ಆಗಿರಬೇಕೆಂದೂ, ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ಅದೇ ಕಾಯಿದೆ ವಿಧಿಸುತ್ತದೆ. ಅನುಕೂಲಸ್ಥನ ಮಗು ಶಾಲೆ ಬಿಟ್ಟಾಗ ಹಾಜರಿಯಲ್ಲಿ ಒಂದು ಹೆಸರು ಕಡಿಮೆಯಾಗುವುದಷ್ಟೇ ಅಲ್ಲ. ಅಧಿಕಾರಿಯ ಮುಂದೆ ನಿಂತು, ಸೋರುವ ಮಾಳಿಗೆಯ ಮಾತನ್ನೂ ಬಾರದ ಉಪಾಧ್ಯಾಯರ ಮಾತನ್ನೂ ಅಂಜದೆ ಕೇಳಬಲ್ಲ ಒಂದು ದನಿಯೂ ಸಮಿತಿಯಿಂದ ಹೊರಟುಹೋಗುತ್ತದೆ. ಉಳಿಯುವವರು ಕೂಲಿ ಬಿಟ್ಟು ಸಭೆಗೆ ಬರಲಾರದವರು. ಶಾಲೆಯು ದುರ್ಬಲವೆಂದು ಒಬ್ಬನು ಬಿಡುತ್ತಾನೆ. ಅವನು ಬಿಟ್ಟುದರಿಂದ ಅದು ಇನ್ನಷ್ಟು ದುರ್ಬಲವಾಗುತ್ತದೆ. ಅದನ್ನು ಕಂಡು ಇನ್ನೊಬ್ಬನು ಬಿಡುತ್ತಾನೆ. ಕೊನೆಗೆ ಬಾಗಿಲಿಗೆ ಬೀಗ ಬಿದ್ದಾಗ, ಯಾರೂ ತಪ್ಪು ಮಾಡಿರುವುದಿಲ್ಲ. ಎಲ್ಲರೂ ತಮ್ಮ ಮಗುವಿನ ಹಿತವನ್ನೇ ನೋಡಿರುತ್ತಾರೆ. ವ್ಯಾನಿಗೆ ಹಣವಿಲ್ಲದ ಮನೆಯ ಮಗುವಿನ ಲೆಕ್ಕವು ಮಾತ್ರ ಯಾರ ಕಣದಲ್ಲಿಯೂ ಇರುವುದಿಲ್ಲ.

ಹಾಗಾದರೆ ಭಕ್ತನ ಕರ್ತವ್ಯವೇನು? ಮಗನನ್ನು ಇಂಥಲ್ಲಿಯೇ ಓದಿಸಬೇಕೆಂದು ಯಾವ ತತ್ತ್ವವೂ ಆಜ್ಞೆ ಮಾಡಲಾರದು. ಆದರೆ ನೋಡದೆಯೇ ತೀರ್ಮಾನಿಸುವುದು ಧರ್ಮವಲ್ಲ. ಏಪ್ರಿಲ್ ಮೊದಲ ವಾರ ಕಳೆದೊಡನೆ ಶಾಲೆಗೆ ಬೇಸಿಗೆಯ ರಜೆ. ಅದಕ್ಕೆ ಮುಂಚೆ ಒಂದು ದಿನ, ಕುರ್ಚಿಯನ್ನು ಬಯಸದೆ ಮಕ್ಕಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಬರುವುದು ಯಾವ ಗೃಹಸ್ಥನಿಗೂ ಭಾರವಲ್ಲ. ನೋಡಿದ ಮೇಲೆ ಮಗನನ್ನು ಅಲ್ಲಿಯೇ ಉಳಿಸಿದರೆ ಒಳ್ಳೆಯದು. ಬೇರೆ ಕಡೆಗೆ ಕಳುಹಿಸಲೇಬೇಕೆಂದು ಕಂಡರೂ ಊರ ಶಾಲೆಯ ಋಣವು ಹರಿಯುವುದಿಲ್ಲ. ವಾರಕ್ಕೊಂದು ಗಳಿಗೆ ಓದು ಹೇಳಬಲ್ಲವನು ಓದು ಹೇಳಲಿ, ಬಡಗಿಯು ಮುರಿದ ಬಾಗಿಲನ್ನು ಸರಿಪಡಿಸಲಿ, ಮಾತು ಬಲ್ಲವನು ಕೂಲಿಯವರ ಪರವಾಗಿ ಕಚೇರಿಯಲ್ಲಿ ಮಾತನಾಡಲಿ. ಕಾಯಕದಿಂದ ಹುಟ್ಟಿದ ಇಂಥ ದಾಸೋಹಕ್ಕೆ ಹೆಸರು ಕೊರೆಯಲು ಅಂಚೇ ಇರುವುದಿಲ್ಲ.

ಹಕ್ಕಿಗೆ ನೀರು ತುಂಬುವ ಸರದಿ ಬಂದ ಮಗು, ಕುಡಿಯಲು ಯಾವ ಹಕ್ಕಿ ಬಂದೀತೆಂದು ಕೇಳುವುದಿಲ್ಲ. ಕರಟವನ್ನು ತುಂಬಿ, ದೂರ ಸರಿದು, ಕಾದು ನಿಲ್ಲುತ್ತದೆ. ಹಿರಿಯರು ಆ ಶಾಲೆಯಲ್ಲಿ ಕಲಿಯಬೇಕಾದ ಪಾಠವೂ ಅದೇ.