ದಯೆಯೂ ಪ್ರಮಾಣವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಯಂಗಳಗಳಲ್ಲಿಯೂ ಗುಡಿಯ ಪೌಳಿಗಳಲ್ಲಿಯೂ ಕಣಗಿಲೆಯನ್ನು ಕಾಣದವರು ವಿರಳ. ಅದರ ಹೂವು ಶಿವಪೂಜೆಗೆ ಸಲ್ಲುತ್ತದೆ. ಅದರ ಬೇರು ಬೀಜಗಳು ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲವು. ಯುರೋಪು ಖಂಡದ ಡಿಜಿಟ್ಯಾಲಿಸ್ ಗಿಡದ ಎಲೆಯಲ್ಲಿಯೂ ಇದೇ ವರ್ಗದ ವಿಷವುಂಟು. ಆ ವಿಷವೇ ಹೃದ್ರೋಗಕ್ಕೆ ಮದ್ದಾಗಿದೆ. ಒಂದೇ ವಸ್ತುವು ವಿಷವೂ ಔಷಧವೂ ಆಗುವುದು ಯಾವುದರಿಂದ?

ಕೊಡುವವನ ಮನಸ್ಸಿನಿಂದ ಎಂಬುದು ಹಲವರ ಉತ್ತರ. ಕೇಳಲು ಇಂಪಾದ ಮಾತು; ಆದರೆ ರೋಗಿಯ ಹೃದಯವು ಕೊಟ್ಟವನ ಭಾವವನ್ನು ವಿಚಾರಿಸುವುದಿಲ್ಲ. ಯುಕ್ತಿಯಿದ್ದಲ್ಲಿ ವಿಷವೂ ಮದ್ದಾಗುವುದೆಂದೂ, ಯುಕ್ತಿ ತಪ್ಪಿದಲ್ಲಿ ಮದ್ದೇ ವಿಷವಾಗುವುದೆಂದೂ ಚರಕಸಂಹಿತೆಯ ಅಭಿಪ್ರಾಯ.

ಇಂಗ್ಲೆಂಡಿನ ವೈದ್ಯನಾದ ವಿಲಿಯಂ ವಿದರಿಂಗನು 1775ರಲ್ಲಿ, ಶ್ರಾಪ್‌ಶೈರ್ ಪ್ರಾಂತದ ಮುದುಕಿಯೊಬ್ಬಳು ಬಾವುರೋಗಕ್ಕೆ ಕೊಡುತ್ತಿದ್ದ ಮನೆಮದ್ದನ್ನು ಪರೀಕ್ಷಿಸಿ, ಅದರ ಹಲವು ಮೂಲಿಕೆಗಳಲ್ಲಿ ಗುಣಕಾರಿಯಾದುದು ಡಿಜಿಟ್ಯಾಲಿಸ್ ಎಂದು ಗುರುತಿಸಿದನು. ಆ ಮದ್ದಿನಿಂದ ತೀವ್ರವಾದ ವಾಂತಿಭೇದಿಗಳೂ ಆಗುತ್ತಿದ್ದುವು. ಮುದುಕಿಯಲ್ಲಿ ದಯೆಗೆ ಕೊರತೆಯಿತ್ತೆಂದು ಹೇಳಲು ಕಾರಣವಿಲ್ಲ. ವಿದರಿಂಗನು ಆ ದಯೆಗೆ ಕೂಡಿಸಿದುದು ಅಳತೆಯನ್ನು: ಎಲೆಯ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು, ನಾಡಿಯನ್ನು ನೋಡಿ, ತಕ್ಕ ವೇಳೆಯಲ್ಲಿ ನಿಲ್ಲಿಸುವುದು. 1785ರ ತನ್ನ ಗ್ರಂಥದಲ್ಲಿ ಗುಣವಾದವರ ಸಂಗತಿಯೊಡನೆ ಗುಣವಾಗದವರ ಸಂಗತಿಯನ್ನೂ ಆತನು ಬರೆದಿಟ್ಟನು.

1930ರಲ್ಲಿ ಈ ಜಾತಿಯ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಶುದ್ಧಸಾರವನ್ನು ಬೇರ್ಪಡಿಸಿದರು. ಅದು ಕ್ರಮಗೆಟ್ಟು ಓಡುವ ನಾಡಿಯನ್ನು ನಿಧಾನಗೊಳಿಸುತ್ತದೆ, ಸೋತ ಹೃದಯಕ್ಕೆ ಬಲ ಕೊಡುತ್ತದೆ. ಸಾಮಾನ್ಯವಾದ ಗುಳಿಗೆಯೊಂದರಲ್ಲಿರುವುದು ಮಿಲಿಗ್ರಾಮಿನ ಕಾಲು ಭಾಗ ಮಾತ್ರ. ಗುಣ ಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ನಡುವಣ ಅಂತರ ಬಹು ಕಿರಿದು; ಮೂತ್ರಪಿಂಡಗಳು ಬಲಗುಂದಿದವರಲ್ಲಿ ಅದು ದೇಹದಲ್ಲಿಯೇ ಕೂಡಿಕೊಳ್ಳುತ್ತದೆ. ತಂದೆಯ ಏದುಸಿರನ್ನು ನೋಡಲಾರದ ಮಗನು ಒಂದರ ಬದಲು ಎರಡು ಗುಳಿಗೆ ಕೊಡುತ್ತ ಬಂದನೆಂದಿಟ್ಟುಕೊಳ್ಳಬಹುದು. ಆತನ ಪಿತೃಭಕ್ತಿ ನಿಜವಾದುದೇ; ಆದರೂ ಮುದುಕನಿಗೆ ರೊಟ್ಟಿ ಸೇರದಂತಾಗಬಹುದು, ಕಂಡುದೆಲ್ಲ ಹಳದಿಯಾಗಿ ತೋರಬಹುದು, ಪ್ರಾಣವೇ ಹೋಗಬಹುದು.

ಅಳೆಯುವುದರಿಂದ ದಯೆ ಬತ್ತಿಹೋಗುವುದೆಂದು ಕೆಲವರು ಆಕ್ಷೇಪಿಸುವರು. ಆದರೆ ನಾಡಿಯನ್ನು ಎಣಿಸಬೇಕಾದವನು ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಕುಳಿತಿರಬೇಕಾಗುತ್ತದೆ. ಕನಿಕರಪಟ್ಟು ಎದ್ದುಹೋಗುವವನಿಗೆ ಆ ಕಟ್ಟಿಲ್ಲ. ಪ್ರಮಾಣವೆಂಬ ಶಬ್ದಕ್ಕೆ ಅಳತೆಯೆಂದೂ ಜ್ಞಾನಸಾಧನವೆಂದೂ ಅರ್ಥವುಂಟು. ಪರರ ಪ್ರಾಣವನ್ನು ಕೈಯಲ್ಲಿ ಹಿಡಿದವನಿಗೆ ಇವೆರಡೂ ಒಂದೇ. ದಯೆಯು ಧರ್ಮದ ಬೇರು ಹೌದು. ಪ್ರಮಾಣವನ್ನರಿಯದ ದಯೆಯಾದರೋ ಕೊಡುವವನ ಸಮಾಧಾನಕ್ಕೆ ಸಾಕಾದೀತೇ ಹೊರತು ರೋಗಿಯ ರಕ್ಷಣೆಗೆ ಸಾಲದು.